ಉಡಿಸಲು ಹತ್ತು ಜನ, ಬಿಚ್ಚಲು ಯಾರು?

ಮದುವೆ ಸೀಸನ್ ಹತ್ತಿರ ಬಂತು ಅಂತ ನನಗೆ ಗೊತ್ತಾಗುವುದು ನಿಮ್ಮ ಪತ್ರಗಳಿಂದ. ಈ ಸಲ ಬಂದವೆಲ್ಲ ಮದುಮಗಳ ಬಟ್ಟೆಯ ಬಗ್ಗೆಯೇ. ಹೊಸ ಓದುಗರಿಗೆ ಒಂದು ಮಾತು. ನನ್ನ ಕಸುಬು ಮೈಸೂರಿನಲ್ಲಿ ಮದುಮಕ್ಕಳಿಗೆ ಸೀರೆ ಉಡಿಸುವುದು. ಛತ್ರದಲ್ಲಿ ಎಲ್ಲರಿಗೂ ನಾನು 'ಸೀರೆ ಆಂಟಿ'. ಇಷ್ಟು ವರ್ಷ ನೋಡಿದ್ದರಲ್ಲಿ ಹೇಳುತ್ತೇನೆ, ಬೆಲೆಬಾಳುವ ಬಟ್ಟೆ ಹಾಕುವಾಗ ಹರಿಯುವುದು ಕಡಿಮೆ, ತೆಗೆಯುವಾಗಲೇ ಜಾಸ್ತಿ. ಉಡಿಸುವಾಗ ಸೋದರತ್ತೆ, ಚಿಕ್ಕಮ್ಮ, ಗೆಳತಿಯರು, ಫೋಟೋದವರು, ದುಡ್ಡು ಕೊಟ್ಟು ಕರೆಸಿದ ನಾನು, ಎಲ್ಲರೂ ಇರುತ್ತೇವೆ. ತೆಗೆಯುವ ಹೊತ್ತಿಗೆ ನಾನು ಮನೆ ಸೇರಿರುತ್ತೇನೆ, ಚಿಕ್ಕಮ್ಮ ಊಟದ ಪಂಕ್ತಿಯಲ್ಲಿ ಇರುತ್ತಾರೆ. ಹುಡುಗಿ ಒಬ್ಬಳೇ ಕನ್ನಡಿ ಮುಂದೆ ನಿಂತು ಬೆನ್ನಿನ ಹುಕ್ಕಿಗೆ ಕೈ ಚಾಚುತ್ತಿರುತ್ತಾಳೆ.

ಆಂಟಿ, ನನ್ನ ಅಜ್ಜಿಯ ಧಾರೆ ಸೀರೆ ನಮ್ಮ ಬೀರುವಿನಲ್ಲಿದೆ. ಅರಿಶಿನ ಬಣ್ಣದ ಮೈ, ಕೆಂಪು ಅಂಚು, ತೂಕದ ಜರಿ. ಅರವತ್ತು ವರ್ಷ ದಾಟಿದೆ. ನನ್ನ ಮುಹೂರ್ತಕ್ಕೆ ಅದನ್ನೇ ಉಡುವ ಆಸೆ. ಅಮ್ಮ "ಮುಟ್ಟಿದರೆ ಹರಿಯುತ್ತೆ, ಸುಮ್ನಿರು" ಅನ್ನುತ್ತಾರೆ. ಏನು ಮಾಡಲಿ? (ಓದುಗರು, ಶಿವಮೊಗ್ಗ)

ನೀವೂ ಬೇಡ, ಅಮ್ಮನೂ ಬೇಡ, ಸೀರೆಯನ್ನೇ ಕೇಳೋಣ. ಬೆಳಿಗ್ಗೆ ಹೊತ್ತು ಕಿಟಕಿ ಪಕ್ಕದ ಮಂಚದ ಮೇಲೆ ಒಗೆದ ಹತ್ತಿ ಪಂಚೆ ಹಾಸಿ, ಅದರ ಮೇಲೆ ಸೀರೆ ಬಿಡಿಸಿ. ಬಳೆ, ಉಂಗುರ ತೆಗೆದಿಟ್ಟು ಕೈ ತೊಳೆದು ಒರೆಸಿಕೊಂಡಿರಿ. ಮೊದಲು ಮಡಿಕೆ ಬಿದ್ದ ಗೆರೆಗಳನ್ನು ಬೆಳಕಿಗೆ ಹಿಡಿಯಿರಿ. ಹಳೇ ರೇಷ್ಮೆ ಸೋಲುವುದು ಅಲ್ಲೇ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತರೆ ಆ ಗೆರೆಯಲ್ಲೇ ಎಳೆ ಮುರಿಯುತ್ತದೆ. ಆಮೇಲೆ ಅಂಚು ಮೈಗೆ ಸೇರುವ ಜಾಗ ನೋಡಿ. ಜರಿ ಅಂಚು ಭಾರ, ಮೈ ಹಗುರ, ಹಾಗಾಗಿ ಅಲ್ಲಿ ಎಳೆತ ಜಾಸ್ತಿ. ನಿಮ್ಮದು ಇಳಕಲ್ ಸೀರೆಯಾಗಿದ್ದರೆ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಸೇರಿಸಿದ ಗೆರೆ ಇರುತ್ತದೆ, ಅದನ್ನೂ ನೋಡಬೇಕು. ಕೊನೆಗೆ, ಒಳಗೆ ಸಿಕ್ಕಿಸುವ ಕಡೆಯ ಒಂದು ಮೂಲೆಯನ್ನು ಎರಡು ಕೈಯಲ್ಲಿ ಮೆತ್ತಗೆ ಅಡ್ಡಕ್ಕೆ ಎಳೆಯಿರಿ. ಎಳೆ ಸರಿದು ಬಟ್ಟೆ ಜಾಳಾದರೆ, ಅಥವಾ ಮಡಿಕೆಗಳಲ್ಲಿ ಬೆಳಕು ಸೀಳುಸೀಳಾಗಿ ಕಂಡರೆ, ಅಮ್ಮನ ಮಾತು ಸರಿ. ಆಗ ಆ ಸೀರೆಯನ್ನು ಪೂಜೆಯ ತಟ್ಟೆಯಲ್ಲಿಟ್ಟು ಗೌರಿ ಮುಂದೆ ಇಡಿ. ಕತ್ತರಿಸಿ ಬ್ಲೌಸ್ ಹೊಲಿಸೋಣ ಅನ್ನುವವರ ಮಾತು ಕೇಳಬೇಡಿ. ಸೋತ ರೇಷ್ಮೆ ಬ್ಲೌಸಿನ ಕಂಕುಳಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ, ಸೀರೆಯೂ ಹೋಗುತ್ತದೆ.

ಗಟ್ಟಿಯಾಗಿದೆ ಅಂತ ಗೊತ್ತಾದರೆ ಖಂಡಿತ ಉಡಿ. ಆದರೆ ಇಡೀ ದಿನ ಬೇಡ. ಗೌರಿ ಪೂಜೆಗೆ ಬೇರೆ ಸೀರೆ, ಧಾರೆಗೆ ಅಜ್ಜಿಯದು. ಮಾಂಗಲ್ಯ ಧಾರಣೆ ಆದಮೇಲೆ ಹೋಮಕ್ಕೆ ಕೂರುವ ಮುಂಚೆ ಬದಲಾಯಿಸಲು ಬಿಡುವು ಸಿಗುತ್ತಾ ಅಂತ ಪುರೋಹಿತರನ್ನು ಮೊದಲೇ ಕೇಳಿ. ಹಿಂದಿನ ದಿನ ಕೇಳಿದರೆ ಅವರು ಒಂದು ದಾರಿ ಹೇಳುತ್ತಾರೆ. ಹಸೆಮಣೆ ಮೇಲೆ ಕೂತು ಕೇಳಿದರೆ ಬೈಯುತ್ತಾರೆ, ಬೈಯಬೇಕಾದದ್ದೇ.

ಈಗೆಲ್ಲ ಸೀರೆಯನ್ನು ಮೊದಲೇ ನೆರಿಗೆ ಹಿಡಿದು, ಇಸ್ತ್ರಿ ಒತ್ತಿ, ಕ್ಲಿಪ್ ಹಾಕಿ ಡಬ್ಬದಲ್ಲಿ ತರುವ ಅಭ್ಯಾಸ ಬಂದಿದೆ. ಹೊಸ ಸೀರೆಗೆ ನಾನೂ ಮಾಡುತ್ತೇನೆ. ಹಳೇ ಸೀರೆಗೆ ಮಾತ್ರ ಅದು ಬೇಡವೇ ಬೇಡ. ಬಿಸಿ ಇಸ್ತ್ರಿಯಲ್ಲಿ ಒತ್ತಿದ ಚೂಪು ಗೆರೆ ಅಂದರೆ ಮುರಿಯಲು ಹೊಸ ಜಾಗ ಮಾಡಿಕೊಟ್ಟ ಹಾಗೆ. ನೆರಿಗೆಯನ್ನು ಮೈಮೇಲೆ, ಕೈಯಲ್ಲೇ ಹಿಡಿಸಿಕೊಳ್ಳಿ. ಒಳಲಂಗ ಹತ್ತಿಯದಿರಲಿ. ಸ್ಯಾಟಿನ್ ಆದರೆ ಸೀರೆ ಜಾರುತ್ತದೆ, ಜಾರಿದ್ದಕ್ಕೆ ಇನ್ನೊಂದು ಪಿನ್ನು ಚುಚ್ಚುತ್ತಾರೆ.

ಪಿನ್ನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸೀರೆ ಹಾಳು ಮಾಡುವುದರಲ್ಲಿ ಮೊದಲ ಹೆಸರು ಅದರದೇ. ಹೊಸ, ಸಪೂರ ಪಿನ್ನು ತನ್ನಿ. ಬಳೆಗೆ ಸಿಕ್ಕಿಸಿಟ್ಟ ಹಳೇ ಪಿನ್ನಿನ ಮೊನೆ ಮೊಂಡಾಗಿರುತ್ತದೆ, ತುಕ್ಕೂ ಇರುತ್ತದೆ. ಪಿನ್ನಿನ ಹಿಂಬದಿ ಸುರುಳಿ ಇರುತ್ತದಲ್ಲ, ಎಳೆ ಸಿಕ್ಕಿಕೊಳ್ಳುವುದು ಅದರೊಳಗೆ. ಮೊದಲು ಪಿನ್ನಿಗೆ ಒಂದು ಸಣ್ಣ ಮಣಿ ಪೋಣಿಸಿ ಸುರುಳಿಯ ತನಕ ತಳ್ಳಿ, ಆಮೇಲೆ ಚುಚ್ಚಿ. ಬಟ್ಟೆ ಸುರುಳಿಯವರೆಗೆ ಹೋಗುವುದೇ ಇಲ್ಲ. ಭುಜದ ಹತ್ತಿರ ರೇಷ್ಮೆಯ ಕೆಳಗೆ ಎರಡು ಬೆರಳಗಲದ ಹತ್ತಿ ಬಟ್ಟೆ ತುಂಡಿಟ್ಟು ಸೇರಿಸಿ ಚುಚ್ಚಿದರೆ ಭಾರ ಬಟ್ಟೆ ತುಂಡಿನ ಮೇಲೆ ಬೀಳುತ್ತದೆ. ಜರಿಯ ಮೇಲೆ ಚುಚ್ಚಬೇಡಿ. ಭುಜಕ್ಕೊಂದು, ನೆರಿಗೆಗೊಂದು, ಬೇಕೆಂದರೆ ಸೊಂಟದ ಹಿಂದೆ ಇನ್ನೊಂದು. ಅಷ್ಟು ಸಾಕು. ಫೋಟೋದಲ್ಲಿ ಸೆರಗು ಒಂದು ಇಂಚು ಜಾರಿದರೆ ಮದುವೆ ಏನೂ ನಿಲ್ಲುವುದಿಲ್ಲ, ಅಲ್ವಾ? ಎಷ್ಟು ಪಿನ್ನು ಹಾಕಿದಿರಿ, ಎಲ್ಲೆಲ್ಲಿ ಅಂತ ಉಡಿಸಿದವರೇ ಅಮ್ಮನ ಫೋನಿನಲ್ಲಿ ಬರೆದಿಡಲಿ.

ಹಸೆಮಣೆ ಮೇಲೆ ಚಕ್ಕಳಮಕ್ಕಳ ಹಾಕುವ ಮುಂಚೆ ಎರಡೂ ಮೊಣಕಾಲ ಹತ್ತಿರ ಸೀರೆಯನ್ನು ಒಂದು ಹಿಡಿ ಮೇಲಕ್ಕೆತ್ತಿ ಸಡಿಲ ಮಾಡಿಕೊಳ್ಳಿ. ಮೊಣಕಾಲಿನ ಎಳೆತಕ್ಕೇ ಹಳೇ ಸೀರೆ ಸೀಳುವುದು. ಧಾರೆ ಎರೆಯುವಾಗ ತೊಡೆ ಮೇಲೆ ಸಣ್ಣ ಟವೆಲ್ ಇರಲಿ. ನೆನೆದ ರೇಷ್ಮೆಗೆ ಬಲ ಕಡಿಮೆ, ಹಾಗಾಗಿ ಒದ್ದೆಯಾದ ಜಾಗ ಹಿಡಿದು ಎಳೆದು ಸರಿಮಾಡಬೇಡಿ.

ಇನ್ನು ತೆಗೆಯುವುದು. ಬಾಗಿಲು ಹಾಕಿ. ಒಬ್ಬರು ಜೊತೆಗಿರಲಿ, ಮೂರು ಜನ ಬೇಡ. ನೆಲಕ್ಕೆ ಬೆಡ್‌ಶೀಟ್ ಹಾಸಿ. ಡಾಬು, ವಂಕಿ, ಬಳೆ, ಸರ ಮೊದಲು, ಪಿನ್ನು ಆಮೇಲೆ. ಕಾಲುಂಗುರ ತೆಗೆಯುವ ಹಾಗಿಲ್ಲ, ಅದಕ್ಕೇ ಕಾಲಿಗೆ ಒಂದು ಜೊತೆ ತೆಳು ಸಾಕ್ಸ್ ಹಾಕಿಕೊಳ್ಳಿ. ನಗಬೇಡಿ, ಕಾಲುಂಗುರದ ಸಂದಿಗೆ ಸಿಕ್ಕಿ ಕಿತ್ತ ಜರಿ ಎಳೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಸೆರಗನ್ನು ಭುಜದಿಂದ ಇಳಿಸಿ ಜೊತೆಯವರ ತೋಳಿನ ಮೇಲೆ ಹಾಕಿ. ನೆರಿಗೆಯ ಕಟ್ಟನ್ನು ಇಡಿಯಾಗಿ ಹಿಡಿದು ಲಂಗದಿಂದ ಮೇಲಕ್ಕೆತ್ತಿ, ಕೆಳಕ್ಕೆ ಜಗ್ಗಬೇಡಿ. ಮದುಮಗಳು ಗಿರಗಿರ ತಿರುಗಬಾರದು, ತಿರುಗಿದರೆ ಅಂಚು ಕಾಲಡಿಗೆ ಬರುತ್ತದೆ. ನೀವು ನಿಂತಿರಿ, ಜೊತೆಯವರು ಸೀರೆ ಹಿಡಿದು ಸುತ್ತ ಬರಲಿ.

ತೆಗೆದ ತಕ್ಷಣ ಮಡಿಸಿ ಸೂಟ್‌ಕೇಸಿಗೆ ಹಾಕಬೇಡಿ. ಬೆವರು ಆರಬೇಕು. ರಾತ್ರಿಯೆಲ್ಲ ನೆರಳಿನಲ್ಲಿ ಗಾಳಿಗೆ ಹರವಿ, ಆಮೇಲೆ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಮೈಸೂರು ಸಿಲ್ಕ್ ನೇಯುವ ಕೆಎಸ್‌ಐಸಿಯವರು ತಮ್ಮ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಎಂದು ಹೇಳುತ್ತಾರೆ. ಬೆಳ್ಳಿ ಇದ್ದಮೇಲೆ ಕಪ್ಪಾಗುವ ಗುಣವೂ ಇದ್ದೇ ಇದೆ. ಬೆವರು, ಸೆಂಟು, ಡಿಯೋಡರೆಂಟ್ ಯಾವುದೂ ಅದಕ್ಕೆ ಆಗುವುದಿಲ್ಲ. ಸೆಂಟು ಹಾಕಿಕೊಳ್ಳುವುದಿದ್ದರೆ ಸೀರೆ ಉಡುವ ಮುಂಚೆ ಹಾಕಿ, ಅದು ಆರಿದ ಮೇಲೆ ಉಡಿ. ನುಸಿಗುಳಿಗೆಯನ್ನು ಜರಿಗೆ ತಾಗುವ ಹಾಗೆ ಇಡಬೇಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಿಸಿ.

ಮುಹೂರ್ತ ಮುಗಿದು ಊಟ ಆದಮೇಲೆ ರಿಸೆಪ್ಷನ್‌ಗೆ ಲೆಹೆಂಗಾ. ನಡುವೆ ಮುಕ್ಕಾಲು ಗಂಟೆ ಸಿಗಬಹುದು. ಧಾರೆ ಬ್ಲೌಸ್ ತುಂಬ ಆರಿ ಕಸೂತಿ ವರ್ಕ್, ಬೆನ್ನಲ್ಲಿ ಹುಕ್ಕು, ಮೇಲೆ ಮೊಗ್ಗಿನ ಜಡೆ. ಯಾವುದು ಮೊದಲು ತೆಗೆಯಬೇಕು? (ಓದುಗರು, ಬೆಂಗಳೂರು)

ಮುಕ್ಕಾಲು ಗಂಟೆ ಅಂದುಕೊಂಡಿದ್ದು ಇಪ್ಪತ್ತೈದು ನಿಮಿಷ ಆಗುತ್ತದೆ. ಬೀಗರ ಕಡೆಯ ಯಾರೋ ಒಬ್ಬರು "ಒಂದೇ ಫೋಟೋ" ಅಂತ ನಿಲ್ಲಿಸುತ್ತಾರೆ. ಅಷ್ಟಕ್ಕೇ ತಯಾರಾಗಿರಿ.

ವಂಕಿ ಮೊದಲು. ತೋಳಿನ ವರ್ಕ್ ಮೇಲೆ ಅದನ್ನು ಕೆಳಕ್ಕೆ ಎಳೆದರೆ ಮಣಿಗಳೆಲ್ಲ ಉದುರುತ್ತವೆ. ಆರಿ ಕೆಲಸದಲ್ಲಿ ಒಂದೇ ದಾರ ಸರಪಳಿ ಹೊಲಿಗೆಯಾಗಿ ಓಡಿರುತ್ತದೆ. ಒಂದು ಕಡೆ ಕಿತ್ತರೆ ಸಾಲಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ತಿರುಪು ಇರುವ, ಪೂರ್ತಿ ತೆರೆಯುವ ವಂಕಿಯನ್ನೇ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಆಮೇಲೆ ಸರ, ಡಾಬು, ಸೀರೆ. ಮೊಗ್ಗಿನ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡು, ಮಧ್ಯೆ ಒಂದು ಟವೆಲ್ ಇಟ್ಟು, ಹುಕ್ಕುಗಳನ್ನು ಕೆಳಗಿನಿಂದ ಮೇಲಕ್ಕೆ ಬಿಚ್ಚಿಸಿ. ಕೆಳಗಿನ ಹುಕ್ಕಿನ ಮೇಲೆ ಎಳೆತ ಜಾಸ್ತಿ, ಅದು ಸಡಿಲವಾದರೆ ಮಿಕ್ಕವು ತಾವೇ ಬರುತ್ತವೆ. ತೋಳು ಅಂಟಿಕೊಂಡಿದ್ದರೆ ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ತೋಳಿನ ತುದಿ ಹಿಡಿಯದೆ ಒಳಗಿನ ಅಸ್ತರಿ ಹಿಡಿದು ಜಾರಿಸಿ. ತಲೆ ಮೇಲಿಂದ ತೆಗೆಯುವ ಬ್ಲೌಸ್ ಮಾತ್ರ ಮದುವೆಗೆ ಹೊಲಿಸಬೇಡಿ. ಈ ಮಾತನ್ನು ಟೈಲರ್‌ಗೆ ಅಳತೆ ಕೊಡುವ ದಿನವೇ ಹೇಳಿ. ಕಂಕುಳಲ್ಲಿ ಬಿಚ್ಚಿ ತೊಳೆಯುವಂಥ ಪ್ಯಾಡ್ ಇಡಿಸಿ. ಬದಿಯ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಬಿಡಿಸಿ. ಮದುವೆ ಓಡಾಟದಲ್ಲಿ ಕೆಲವರು ಸೊರಗುತ್ತಾರೆ, ಕೆಲವರು ನೆಂಟರ ಮನೆ ಊಟದಲ್ಲಿ ತುಂಬಿಕೊಳ್ಳುತ್ತಾರೆ.

ತಲೆಕೂದಲು, ಮೇಕಪ್ ಬದಲಾಯಿಸುವಾಗ ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡಿರಿ, ಅಪ್ಪನದಾದರೂ ಸರಿ. ಕೊನೆಗೆ ಲೆಹೆಂಗಾ. ಅದನ್ನು ತಲೆ ಮೇಲಿಂದ ಹಾಕಬೇಡಿ. ಹಾಸಿದ ಬೆಡ್‌ಶೀಟ್ ಮೇಲೆ ಲೆಹೆಂಗಾವನ್ನು ದುಂಡಗೆ ಬಾವಿಯ ಹಾಗೆ ಹರಡಿ, ನಡುವೆ ಕಾಲಿಟ್ಟು ನಿಲ್ಲಿ. ಇಬ್ಬರು ಸೊಂಟಪಟ್ಟಿ ಹಿಡಿದು ಮೇಲಕ್ಕೆತ್ತಲಿ. ಚಪ್ಪಲಿ ಆಮೇಲೆ. ಹಿಮ್ಮಡಿಯ ಚಪ್ಪಲಿ ಹಾಕಿಕೊಂಡೇ ಕಾಲಿಟ್ಟರೆ ಲೆಹೆಂಗಾ ಉಬ್ಬಿ ನಿಲ್ಲಲಿ ಅಂತ ಒಳಗೆ ಹಾಕಿದ ಕ್ಯಾನ್‌ಕ್ಯಾನ್ ನೆಟ್ ಹರಿಯುವುದು ಗ್ಯಾರಂಟಿ. ಅಂದಹಾಗೆ, ಬಾತ್‌ರೂಮಿಗೆ ಹೋಗುವುದು ಸೀರೆ ತೆಗೆದಮೇಲೆ, ಲೆಹೆಂಗಾ ಹಾಕುವ ಮುಂಚೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗಿಯರು ನಾಚಿಕೊಂಡು ಬೆಳಗಿನಿಂದ ನೀರೇ ಕುಡಿಯದೆ ಸಂಜೆಗೆ ತಲೆ ಸುತ್ತಿ ಕೂರುತ್ತಾರೆ. ನೀರು ಕುಡಿಯಿರಿ, ಹೋಗಿ ಬನ್ನಿ.

ಮಗಳು ಹೋಮಕ್ಕೂ ನೆಟ್ ಲೆಹೆಂಗಾದಲ್ಲೇ ಕೂರುತ್ತೇನೆ ಅಂತ ಹಠ ಹಿಡಿದಿದ್ದಾಳೆ. ನೀವಾದರೂ ಒಂದು ಮಾತು ಹೇಳಿ. (ಒಬ್ಬ ತಾಯಿ, ತುಮಕೂರು)

ಸಂಪ್ರದಾಯದ ಮಾತು ನೀವು ಆಗಲೇ ಹೇಳಿರುತ್ತೀರಿ, ನಾನು ಬೆಂಕಿಯ ಮಾತು ಹೇಳುತ್ತೇನೆ. ನೆಟ್ ಬಹುತೇಕ ನೈಲಾನ್ ಅಥವಾ ಪಾಲಿಯೆಸ್ಟರ್. ಕಿಡಿ ಬಿದ್ದರೆ ಅದು ಕರಗುತ್ತದೆ, ಕರಗಿದ್ದು ಮೈಗೆ ಅಂಟುತ್ತದೆ. ರೇಷ್ಮೆ ನಿಧಾನಕ್ಕೆ ಸುಟ್ಟು ಪುಡಿಯಾಗುತ್ತದೆ, ಬೆಂಕಿ ಸರಿದರೆ ತಾನೂ ಆರುತ್ತದೆ. ಲಾಜಹೋಮದಲ್ಲಿ ಬಗ್ಗಿ ಅರಳು ಹಾಕುವಾಗ, ಸುತ್ತು ಬರುವಾಗ, ಅಗಲ ಲೆಹೆಂಗಾ ಎಲ್ಲಿ ತಾಗುತ್ತಿದೆ ಅಂತ ಹಾಕಿಕೊಂಡವರಿಗೇ ಕಾಣುವುದಿಲ್ಲ. ಮಗಳಿಗೆ ಇಷ್ಟು ಓದಿ ಹೇಳಿ. ಹೋಮಕ್ಕೆ ರೇಷ್ಮೆ, ರಿಸೆಪ್ಷನ್‌ಗೆ ಅವಳಿಷ್ಟ.

ನಮ್ಮದು ಚರ್ಚಿನಲ್ಲಿ ಮದುವೆ. ಬಿಳಿ ಗೌನು, ಬೆನ್ನಲ್ಲಿ ಲೇಸ್ ಕಟ್ಟುವ ಕೋರ್ಸೆಟ್, ಕೆಳಗೆ ಸಾಲಾಗಿ ಮುತ್ತಿನ ಗುಂಡಿ. ಆಮೇಲೆ ರಿಸೆಪ್ಷನ್ ಹಾಲ್‌ನಲ್ಲಿ ಸಾಡೊ, ಅಂದರೆ ನಮ್ಮವರ ಕೆಂಪು ಮದುವೆ ಸೀರೆ. ತಂಗಿ ಒಬ್ಬಳೇ ಸಹಾಯಕ್ಕೆ. (ಓದುಗರು, ಮಂಗಳೂರು)

ಮಂಗಳೂರು ಕಡೆ ನಾನು ಮದುವೆಗೆ ಹೋದಾಗೆಲ್ಲ ಗಮನಿಸಿದ್ದೇನೆ, ಸೀರೆ ಉಡಿಸುವುದಕ್ಕೆ ಹಿಡಿಯುವ ಹೊತ್ತಿಗಿಂತ ಗೌನು ತೆಗೆಯುವುದಕ್ಕೇ ಜಾಸ್ತಿ ಹಿಡಿಯುತ್ತದೆ. ತಂಗಿಯನ್ನು ಕೂರಿಸಿಕೊಂಡು ಮನೆಯಲ್ಲಿ ಪೂರ್ತಿ ಒಂದು ಸಲ ಹಾಕಿ, ಪೂರ್ತಿ ತೆಗೆದು ನೋಡಿ. ಬರೀ ಹಾಕಿ ಫೋಟೋ ತೆಗೆದರೆ ಅದು ಅಭ್ಯಾಸವಲ್ಲ.

ಹಾಕುವಾಗ ಸಾಧ್ಯವಾದರೆ ಕಾಲಿನಿಂದಲೇ ಹಾಕಿ. ತಲೆ ಮೇಲಿಂದಲೇ ಹಾಕಬೇಕಾದ ಹೊಲಿಗೆಯಾದರೆ ಮುಖಕ್ಕೆ ತೆಳುವಾದ ರೇಷ್ಮೆ ಸ್ಕಾರ್ಫ್ ಹೊದ್ದು ಹಾಕಿ, ಮೇಕಪ್ ಗೌನಿಗೆ ಅಂಟುವುದಿಲ್ಲ. ಆ ಪುಟ್ಟ ಗುಂಡಿಗಳಿಗೆ ಬೆರಳು ಸಾಲದು. ಕ್ರೋಷೆ ಕಡ್ಡಿ ತನ್ನಿ. ಕುಣಿಕೆಯೊಳಗೆ ಕಡ್ಡಿ ತೂರಿಸಿ, ಗುಂಡಿಯ ಬುಡಕ್ಕೆ ಸಿಕ್ಕಿಸಿ ಎಳೆದರೆ ಸರಕ್ಕಂತ ಕೂರುತ್ತದೆ. ತಂಗಿ ಉಗುರು ಕತ್ತರಿಸಿಕೊಳ್ಳಲಿ, ಉಂಗುರ ತೆಗೆದಿಡಲಿ.

ತೆಗೆಯುವಾಗ ಎಲ್ಲರೂ ಆತುರ ಪಡುವುದು ಲೇಸಿನಲ್ಲಿ. ಮೇಲಿನ ಗಂಟು ಬಿಚ್ಚಿ ನಾಲ್ಕು ಎಳೆ ಸಡಿಲಿಸಿ ಗೌನನ್ನು ಕೆಳಕ್ಕೆ ಜಗ್ಗುತ್ತಾರೆ. ಸೊಂಟದ ಹತ್ತಿರ ಅದು ಸಿಕ್ಕಿಕೊಳ್ಳುತ್ತದೆ, ಆಗ ಲೇಸು ತೂರಿಸಿದ ಕುಣಿಕೆಗಳೇ ಕಿತ್ತು ಬರುತ್ತವೆ. ಒಂದೊಂದು ಅಡ್ಡ ಎಳೆಯನ್ನೂ ಮೇಲಿಂದ ಸೊಂಟದ ತನಕ ಸಡಿಲ ಮಾಡಿ. ಲೇಸನ್ನು ಪೂರ್ತಿ ಹೊರಗೆ ಎಳೆಯಬೇಕಿಲ್ಲ. ಗುಂಡಿ ಕಟ್ಟಕಡೆಯದರ ತನಕ ಬಿಚ್ಚಿ. ನೆಟ್ ಹಿಡಿದು ಎಳೆಯದೆ ಒಳಗಿನ ಅಸ್ತರಿ ಹಿಡಿದು ಇಳಿಸಿ. ತಲೆಯ ವೇಲ್ ಎಲ್ಲಕ್ಕಿಂತ ಮೊದಲೇ ತೆಗೆದಿರಬೇಕು. ಸಾಡೊ ಸೀರೆಯ ಬ್ಲೌಸು, ಲಂಗ ಮಂಚದ ಮೇಲೆ ತಯಾರಾಗಿರಲಿ. ಇಲ್ಲದಿದ್ದರೆ ತಂಗಿ ಹುಡುಕಲು ಹೊರಗೆ ಓಡುತ್ತಾಳೆ, ನೀವು ಅರ್ಧ ಗೌನಿನಲ್ಲಿ ನಿಂತಿರುತ್ತೀರಿ.

ಗೌನನ್ನು ಹ್ಯಾಂಗರಿಗೆ ಭುಜದಿಂದ ನೇತುಹಾಕಬೇಡಿ, ಅಷ್ಟು ಭಾರಕ್ಕೆ ಭುಜ ಜೋಲುತ್ತದೆ. ಒಳಗೆ ಸೊಂಟದ ಹತ್ತಿರ ಹೊಲಿದ ರಿಬ್ಬನ್ ಕುಣಿಕೆ ಇದ್ದರೆ ಅದರಿಂದ ನೇತುಹಾಕಿ. ನಿಮ್ಮೂರಿನ ಸೆಕೆಗೆ, ಮಳೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಖಂಡಿತ. ಡ್ರೈಕ್ಲೀನ್ ಮಾಡಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಲೆಹೆಂಗಾ ಟ್ರಯಲ್ ನೋಡುವಾಗ ಪಕ್ಕದ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮದುವೆ ದಿನ ಹೀಗಾದರೆ? (ಓದುಗರು, ಹಾವೇರಿ)

ಮುಂದಕ್ಕೆ ಎಳೆಯಬೇಡಿ, ಹಿಂದಕ್ಕೆ ಸರಿಸಿ. ಬಹುತೇಕ ಒಳಗಿನ ಅಸ್ತರಿಯೋ ದಾರವೋ ಹಲ್ಲಿಗೆ ಸಿಕ್ಕಿರುತ್ತದೆ. ಅದನ್ನು ಜಿಪ್ಪಿಗೆ ಅಡ್ಡಲಾಗಿ ಮೆತ್ತಗೆ ಎಳೆಯುತ್ತಾ ಹಿಡಿಯನ್ನು ಹಿಂದಕ್ಕೆ ತನ್ನಿ. ಏನೂ ಸಿಕ್ಕಿಲ್ಲದೆ ಬರೀ ಬಿಗಿಯಾಗಿದ್ದರೆ ಹಲ್ಲುಗಳ ಮೇಲೆ ಮೇಣದಬತ್ತಿ ಉಜ್ಜಿ. ಎಣ್ಣೆ ಬೇಡ, ಬಟ್ಟೆಗೆ ಕಲೆ. ಮದುವೆಗೆ ಇನ್ನೂ ದಿನ ಇದ್ದರೆ ಆ ಜಿಪ್ಪನ್ನೇ ಬದಲಾಯಿಸಿಬಿಡಿ, ದೊಡ್ಡ ಖರ್ಚೇನಲ್ಲ. ಅದರ ಮೇಲ್ತುದಿಗೆ ಒಂದು ಹುಕ್ಕೂ ಹಾಕಿಸಿ.

ಅರಿಶಿನ ಶಾಸ್ತ್ರದ ದಿನ ರೇಷ್ಮೆ ಸೀರೆಗೆ ಅರಿಶಿನ ಬಿದ್ದು, ಅತ್ತೆ ಸೋಪು ಹಾಕಿದರು. ಕಲೆ ಕೆಂಪಾಗಿಬಿಟ್ಟಿದೆ! (ಓದುಗರು, ಹಾಸನ)

ಗಾಬರಿ ಬೇಡ. ಸೋಪಿನಲ್ಲಿರುವ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಸುಣ್ಣ ಬೆರೆಸಿದ ಆರತಿ ನೀರು ಕೆಂಪಾಗುವುದೂ ಇದಕ್ಕೇ. ಇನ್ನು ಉಜ್ಜಬೇಡಿ, ನೀರೂ ಹಾಕಬೇಡಿ. ನೆರಳಲ್ಲಿ ಒಣಗಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ, ಏನೇನು ಹಾಕಿದ್ದೀರಿ ಅಂತ ಬಿಡಿಸಿ ಹೇಳಿ. ಅತ್ತೆಯ ಹೆಸರು ಹೇಳಬೇಕಿಲ್ಲ.

ನಾನು ಮದುಮಗ. ರಿಸೆಪ್ಷನ್ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಅವಳ ಅಕ್ಕ, ಗೆಳತಿಯರು ಆಗಲೇ ಹೊರಟಿರುತ್ತಾರೆ. ಆ ಪಿನ್ನು, ಕೂದಲು, ಹುಕ್ಕು ಎಲ್ಲ ತೆಗೆಯಲು ನಾನು ಸಹಾಯ ಮಾಡಬಹುದಾ? ನಗಬೇಡಿ. (ಓದುಗರು, ದಾವಣಗೆರೆ)

ನಗುವುದಿಲ್ಲ ಕಣಪ್ಪಾ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಗಂಡುಮಕ್ಕಳು ಕಡಿಮೆ.

ಮೊದಲು ಅವಳನ್ನು ಕೇಳಿ. ಬೇಡ, ಅಕ್ಕನನ್ನೇ ಉಳಿಸಿಕೊಳ್ಳುತ್ತೇನೆ ಅಂದರೆ ಅಷ್ಟಕ್ಕೆ ಬಿಡಿ, ಅಕ್ಕನ ರಾತ್ರಿ ಊಟಕ್ಕೆ, ಮಲಗುವುದಕ್ಕೆ ವ್ಯವಸ್ಥೆ ಮಾಡಿ. ಹ್ಞೂಂ ಅಂದರೆ ಕೈ ತೊಳೆದುಕೊಳ್ಳಿ. ನಿಮ್ಮ ಕೈಗಡಿಯಾರ, ಬ್ರೇಸ್ಲೆಟ್, ಹೊಸ ಉಂಗುರ ತೆಗೆದಿಡಿ, ಅವಳ ದುಪಟ್ಟಾಕ್ಕೆ ಮೊದಲು ಸಿಕ್ಕುವುದು ಅವೇ. ದೊಡ್ಡ ದೀಪ ಹಾಕಿ, ಒಂದು ಸ್ಟೀಲ್ ಡಬ್ಬಿ ಹತ್ತಿರ ಇಟ್ಟುಕೊಳ್ಳಿ. ಸಿಕ್ಕ ಪ್ರತಿ ಪಿನ್ನನ್ನೂ ಮುಚ್ಚಿ ಅದರೊಳಗೆ ಹಾಕಿ, ಮಂಚದ ಮೇಲೆ ಬೇಡ. ದುಪಟ್ಟಾ ಪಿನ್ನು ಕಾಣದಿದ್ದರೆ ಬಟ್ಟೆ ಎಳೆದು ಹುಡುಕಬೇಡಿ, ಬೆರಳಿನಲ್ಲಿ ಸವರಿ ಹುಡುಕಿ. ಒಂದು ಭುಜದ ಹಿಂದೆ, ಒಂದು ಸೊಂಟದಲ್ಲಿ, ಒಂದು ತಲೆಯ ಮೇಲೆ ಇದ್ದೇ ಇರುತ್ತದೆ.

ಕೂದಲಿನ ಪಿನ್ನುಗಳಿಗೆ ತಾಳ್ಮೆ ಬೇಕು. ಸ್ಪ್ರೇ ಹೊಡೆದು ಗಟ್ಟಿ ಮಾಡಿರುತ್ತಾರೆ. ಒಣಗಿದ ಹಾಗೇ ಕಿತ್ತರೆ ಕೂದಲೂ ಬರುತ್ತದೆ, ಅವಳ ಬೈಗುಳವೂ ಬರುತ್ತದೆ. ಲೆಹೆಂಗಾ ತೆಗೆದು ನೈಟಿ ಹಾಕಿಕೊಂಡ ಮೇಲೆ, ಅಂಗೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿಕೊಂಡು ಸವರಿ, ಹೋದ ದಿಕ್ಕಿನಲ್ಲೇ ಪಿನ್ನು ಹಿಂದಕ್ಕೆ ಎಳೆಯಿರಿ. ಎಣ್ಣೆ ಕೈಯಲ್ಲಿ ಬಟ್ಟೆ ಮುಟ್ಟಬೇಡಿ. ಅದಕ್ಕೇ ಬಟ್ಟೆ ಮೊದಲು, ಕೂದಲು ಆಮೇಲೆ ಅಂದದ್ದು.

ಲೆಹೆಂಗಾವನ್ನು ಕುರ್ಚಿ ಮೇಲೆ ಎಸೆಯದೆ ಅಗಲವಾಗಿ ಹರವಿ. ನಿಮ್ಮ ರೇಷ್ಮೆ ಪಂಚೆ, ಶಲ್ಯಗಳನ್ನೂ ಪಕ್ಕದಲ್ಲೇ ಗಾಳಿಗೆ ಹಾಕಿ. ಬೆಳಿಗ್ಗೆ ಅಮ್ಮ ಬಂದು ಮಡಿಸುತ್ತಾರೆ ಅಂತ ಕಾಯಬೇಡಿ.